ನಿಮ್ಮ ಕಾಮಿಕ್ಸನ್ನು ನೀವೇ ಅಚ್ಚು ಹಾಕಿಸಿ

ಪ್ರಕಾಶಕರ ಉತ್ತರಕ್ಕಾಗಿ ಕಾಯಬೇಡಿ. ಬರೆಯಿರಿ, ಬಿಡಿಸಿ, ಅಚ್ಚು ಹಾಕಿಸಿ, ಮಾರಿ. ಯಾರ ಅಪ್ಪಣೆಯೂ ಬೇಕಿಲ್ಲ.

1. ಚಿಕ್ಕದನ್ನು ಮೊದಲು ಮುಗಿಸಿ
ತಲೆಯಲ್ಲಿ ಹತ್ತು ಸಂಪುಟಗಳ ಕಥೆಯಿದ್ದರೂ ಮೊದಲು 16 ಪುಟದ್ದೊಂದು ತನ್ನಿ. ಸೆಂಟರ್ ಪಿನ್ ಹೊಡೆಯುವ ಪುಸ್ತಕದ ಪುಟಸಂಖ್ಯೆ ನಾಲ್ಕರಿಂದ ಭಾಗವಾಗಲೇಬೇಕು. ಪುಟಗಳ ಲೆಕ್ಕ ಮೊದಲು, ಸ್ಕ್ರಿಪ್ಟ್ ಆಮೇಲೆ.

2. ‘ನನಗೆ ಡ್ರಾಯಿಂಗ್ ಸಾಲದು’ ಎನ್ನುವುದನ್ನು ನಿಲ್ಲಿಸಿ
ಹಾಗೆನ್ನುವುದು ಬರೀ ಅಭ್ಯಾಸಬಲ. ರಾಂಡಲ್ ಮನ್ರೋ 2005ರಲ್ಲಿ ಶುರು ಮಾಡಿದ ‘ಎಕ್ಸ್‌ಕೆಸಿಡಿ’ ವೆಬ್‌ಕಾಮಿಕ್‌ನಲ್ಲಿ ಇರುವುದು ಕಡ್ಡಿ ಮನುಷ್ಯರು, ಆದರೂ ಜಗತ್ತು ಓದಿತು. ದಿನಕ್ಕೊಂದು ಪುಟದ ಥಂಬ್‌ನೇಲ್ (ಚಿಕ್ಕ ಕಚ್ಚಾ ಚಿತ್ರ) ಹಾಕಿ. ಯಾರು ಎಲ್ಲಿದ್ದಾರೆ, ಏನಾಯಿತು ಎಂಬುದು ಸ್ಪಷ್ಟವಾಗಿ ಕಂಡರೆ ಚಿತ್ರ ಗೆದ್ದಿತು.

3. ಕಪ್ಪು-ಬಿಳುಪಿನಲ್ಲೇ ಶುರು ಮಾಡಿ
ಕೆವಿನ್ ಈಸ್ಟ್‌ಮನ್ ಮತ್ತು ಪೀಟರ್ ಲೇರ್ಡ್ 1984ರಲ್ಲಿ ‘ಟೀನೇಜ್ ಮ್ಯೂಟಂಟ್ ನಿಂಜಾ ಟರ್ಟಲ್ಸ್’ ಮೊದಲ ಸಂಚಿಕೆಯನ್ನು ತಾವೇ ಪ್ರಕಟಿಸಿದರು. ದುಡ್ಡಿನಲ್ಲಿ ಒಂದು ಪಾಲು ಈಸ್ಟ್‌ಮನ್ ತಮ್ಮ ಬಂಧುವಿನಿಂದ ತಂದ ಸಾಲ. ಒಳಪುಟಗಳು ಕಪ್ಪು-ಬಿಳುಪು. ಬಣ್ಣಕ್ಕೆ ಹೋಗುವ ಹಣ ಉಳಿಸಿ, ಒಳ್ಳೆಯ ಕಾಗದಕ್ಕೆ ಹಾಕಿ.

4. ಲೆಟರಿಂಗ್ ಮೊದಲು, ಬಲೂನ್ ಆಮೇಲೆ
ಕನ್ನಡ ಕಾಮಿಕ್ಸ್ ಸೋಲುವುದು ಹೆಚ್ಚಾಗಿ ಇಲ್ಲೇ ಎಂಬುದು ನನ್ನ ದೃಢ ಅಭಿಪ್ರಾಯ. ನಮ್ಮ ಪದಗಳು ಉದ್ದ, ಒತ್ತಕ್ಷರಗಳು ಸಾಲಿನ ಕೆಳಗೆ ಇಳಿಯುತ್ತವೆ. ಚಿತ್ರ ಮುಗಿಸಿ ಉಳಿದ ಜಾಗದಲ್ಲಿ ಮಾತು ತುರುಕಿದರೆ ಓದುವವರಿಗೆ ಉಸಿರು ಕಟ್ಟುತ್ತದೆ. ಆದ್ದರಿಂದ ಪೆನ್ಸಿಲ್ ಹಂತದಲ್ಲೇ ಮಾತು ಬರೆದು, ಅದರ ಸುತ್ತ ಬಲೂನ್ ಎಳೆಯಿರಿ. ಸಾಲುಗಳ ನಡುವೆ ಧಾರಾಳವಾಗಿ ಜಾಗ ಬಿಡಿ. ಬಲೂನಿಗೆ ಎರಡು ವಾಕ್ಯ ಸಾಕು. ಯೂನಿಕೋಡ್ ಫಾಂಟನ್ನೇ ಬಳಸಿ. ‘ಬಾಲೂ ತಮ್ಮ 2’, ‘ನೋಟೋ ಸಾನ್ಸ್ ಕನ್ನಡ’ ಮುಕ್ತ ಲೈಸೆನ್ಸಿನವು, ಮಾರುವ ಪುಸ್ತಕಕ್ಕೂ ಹಾಕಬಹುದು. ಫೋಟೋಶಾಪಿನಲ್ಲಿ ಒತ್ತಕ್ಷರ ಒಡೆದರೆ ವರ್ಲ್ಡ್-ರೆಡಿ ಆಯ್ಕೆ ಆನ್ ಮಾಡಿ. ಮತ್ತೆ, ಹುಬ್ಬಳ್ಳಿಯ ಪಾತ್ರ ಹುಬ್ಬಳ್ಳಿಯವರಂತೆಯೇ ಮಾತಾಡಲಿ. ಪಠ್ಯಪುಸ್ತಕದ ಕನ್ನಡ ಪಾತ್ರವನ್ನು ಕೊಲ್ಲುತ್ತದೆ.

5. ಗೆಳೆಯರಾದರೂ ಕಾಗದ ಮಾಡಿಕೊಳ್ಳಿ
ಕಥೆ ಒಬ್ಬರದು, ಚಿತ್ರ ಇನ್ನೊಬ್ಬರದು ಆದರೆ ಹಕ್ಕು, ಹಣದ ಪಾಲು, ಅವಧಿ ಎಲ್ಲ ಬರೆದು ಸಹಿ ಹಾಕಿ. 1957ರ ಕೃತಿಸ್ವಾಮ್ಯ ಕಾಯ್ದೆಯ ಪ್ರಕಾರ ಹಕ್ಕಿನ ವರ್ಗಾವಣೆ ಲಿಖಿತವಾಗಿಯೇ ಇರಬೇಕು. ಅವಧಿ ನಮೂದಿಸದಿದ್ದರೆ 5 ವರ್ಷ ಎಂದೇ ಲೆಕ್ಕ.

6. ಪ್ರೆಸ್ಸಿಗೆ ನೀವೇ ಹೋಗಿ
ಕಾಗದ ಮುಟ್ಟಿ ನೋಡಿ. ಫೈಲಿಗೆ ಸುತ್ತಲೂ 3 ಮಿ.ಮೀ. ಬ್ಲೀಡ್ (ಕತ್ತರಿಸಿ ಹೋಗುವ ಅಂಚು) ಬಿಡಿ, ಲೈನ್ ಆರ್ಟ್ 600 ಡಿಪಿಐ ಇರಲಿ. ನೂರು ಪ್ರತಿಗೆ ಡಿಜಿಟಲ್ ಪ್ರಿಂಟ್ ಸಾಕು, ಸಾವಿರ ದಾಟಿದರೆ ಆಫ್‌ಸೆಟ್ ಅಗ್ಗ. ಒಂದು ಪ್ರತಿ ಪ್ರೂಫ್ ತೆಗೆಸದೆ ಒಪ್ಪಿಗೆ ಕೊಡಬೇಡಿ.

7. ಮಾರಲು ನಾಚಬೇಡಿ
ಐಎಸ್‌ಬಿಎನ್ ಭಾರತದಲ್ಲಿ ಉಚಿತ. ರಾಜಾ ರಾಮಮೋಹನ್ ರಾಯ್ ರಾಷ್ಟ್ರೀಯ ಏಜೆನ್ಸಿಗೆ ಆನ್‌ಲೈನಿನಲ್ಲಿ ಅರ್ಜಿ ಹಾಕಿ. ಅಂಗಡಿಯ ಕಮಿಷನ್ ಕಳೆದ ಮೇಲೂ ಅಚ್ಚಿನ ಖರ್ಚು ಹುಟ್ಟುವಂತೆ ಬೆಲೆ ಇಡಿ. ಮೊದಲ ನಾಲ್ಕು ಪುಟ ಇನ್‌ಸ್ಟಾಗ್ರಾಮಿನಲ್ಲಿ ಪುಕ್ಕಟೆ ಹಾಕಿ. ಬೆಂಗಳೂರಿನ ಕಾಮಿಕ್ ಕಾನ್‌ನಲ್ಲಿ ಟೇಬಲ್ ದುಬಾರಿ ಎನಿಸಿದರೆ ಇಬ್ಬರು ಮೂವರು ಸೇರಿ ಹಂಚಿಕೊಳ್ಳಲು ಸಾಧ್ಯವೇ ಕೇಳಿ. ಕೊನೆಯ ಪುಟದಲ್ಲಿ ಮುಂದಿನ ಸಂಚಿಕೆಯ ತಿಂಗಳನ್ನು ಅಚ್ಚು ಹಾಕಿಸಿ, ಆ ತಿಂಗಳೇ ತನ್ನಿ.