ಗಾಯಕವೃಂದದ ಗುರು ಬಾಖ್

ಯೋಹಾನ್ ಸೆಬಾಸ್ಟಿಯನ್ ಬಾಖ್ ಅವರು 1685ರಲ್ಲಿ ಜರ್ಮನಿಯ ಐಸೆನಾಖ್ ಪಟ್ಟಣದಲ್ಲಿ ಜನಿಸಿದರು. ಹತ್ತು ವರ್ಷ ತುಂಬುವ ಮೊದಲೇ ತಾಯಿತಂದೆಗಳಿಬ್ಬರನ್ನೂ ಕಳೆದುಕೊಂಡ ಆ ಬಾಲಕನಿಗೆ ಹಿರಿಯಣ್ಣನೇ ಆಶ್ರಯದಾತನೂ ವಾದ್ಯವಿದ್ಯೆಯ ಗುರುವೂ ಆದನು.

1723ರಲ್ಲಿ ಲೈಪ್‌ಜಿಗ್ ನಗರದ ಸಂತ ಥಾಮಸ್ ಶಾಲೆಯ ಸಂಗೀತಾಧ್ಯಾಪಕರಾದ ಬಾಖ್, 1750ರಲ್ಲಿ ನಿಧನರಾಗುವವರೆಗೂ ಅಲ್ಲಿಯೇ ಸೇವೆ ಸಲ್ಲಿಸಿದರು. ಶಾಲೆಯಲ್ಲಿಯೇ ಉಂಡು ಓದುತ್ತಿದ್ದ ಹುಡುಗರಿಗೆ ಸಂಗೀತ ಕಲಿಸಿ, ಅವರನ್ನು ನಾಲ್ಕು ವೃಂದಗಳಾಗಿ ವಿಂಗಡಿಸಿ, ನಗರದ ಚರ್ಚುಗಳಲ್ಲಿ ಹಾಡಿಸುವುದು ಅವರ ಹೊಣೆಯಾಗಿತ್ತು. ಮೊದಲ ಕೆಲವು ವರ್ಷಗಳಲ್ಲಂತೂ ಬಹುತೇಕ ವಾರಕ್ಕೊಂದರಂತೆ ಹೊಸ ಕೃತಿಯನ್ನು ರಚಿಸಿ, ಅಭ್ಯಾಸ ಮಾಡಿಸಿ, ಭಾನುವಾರ ಹಾಡಿಸಿದರು.

ಆದರೆ ಈ ಕಾರ್ಯಕ್ಕೆ ದೊರೆತ ಅನುಕೂಲ ಅಲ್ಪ. 1730ರ ಆಗಸ್ಟ್ ತಿಂಗಳಲ್ಲಿ ಅವರು ನಗರಸಭೆಗೆ ಮನವಿ ಸಲ್ಲಿಸಿದರು. ವೃಂದವೊಂದಕ್ಕೆ ಕನಿಷ್ಠ 12 ಗಾಯಕರು ಬೇಕು, 16 ಮಂದಿಯಿದ್ದರೆ ಇನ್ನೂ ಲೇಸು. ಆದರೆ ಶಾಲೆಯ 54 ಹುಡುಗರಲ್ಲಿ 17 ಮಂದಿ ಯೋಗ್ಯರು, 20 ಮಂದಿ ಇನ್ನೂ ಪಳಗಬೇಕಾದವರು, 17 ಮಂದಿ ಸಂಗೀತಕ್ಕೆ ಒದಗದವರು ಎಂದು ಲೆಕ್ಕ ಒಪ್ಪಿಸಿದರು. ಅದೇ ವರ್ಷ ಬೇಸತ್ತು, ಬೇರೆಡೆ ಹುದ್ದೆ ದೊರಕಿಸಿಕೊಡುವಂತೆ ಗೆಳೆಯನಿಗೆ ಪತ್ರ ಬರೆದುದೂ ಉಂಟು. ಹುದ್ದೆ ದೊರೆಯಲಿಲ್ಲ, ಬೇಸರವೆಂದು ಅವರು ಕಾರ್ಯವನ್ನು ಕೈಬಿಡಲೂ ಇಲ್ಲ. 1734ರ ಕ್ರಿಸ್‌ಮಸ್ ಹಬ್ಬಕ್ಕೆ ಅದೇ ಶಾಲೆಯ ವೃಂದದಿಂದ 'ಕ್ರಿಸ್‌ಮಸ್ ಒರೇಟೋರಿಯೊ' ಎಂಬ ಮಹಾಕೃತಿಯನ್ನು ಹಾಡಿಸಿದರು.

1829ರಲ್ಲಿ ಮೆಂಡೆಲ್‌ಸನ್ ಅವರು ಬರ್ಲಿನ್ನಿನಲ್ಲಿ ಬಾಖ್ ಅವರ 'ಸಂತ ಮ್ಯಾಥ್ಯೂ ಪ್ಯಾಶನ್' ಕೃತಿಯನ್ನು ಮತ್ತೆ ಹಾಡಿಸಿದಾಗ ಲೋಕವು ಅವರ ಹಿರಿಮೆಯನ್ನು ಹೊಸದಾಗಿ ಅರಿಯಿತು. ಆ ಕೃತಿ ಹುಟ್ಟಿದ್ದು ಶಾಲಾಬಾಲಕರ ಕಂಠಕ್ಕಾಗಿ ಎಂಬುದನ್ನು ವಿದ್ಯಾರ್ಥಿಗಳು ಮರೆಯಬಾರದು. ಯೋಗ್ಯರಾದ ಹದಿನೇಳು ಮಂದಿಯ ಜೊತೆಗೆ, ಇನ್ನೂ ಪಳಗಬೇಕಾದ ಇಪ್ಪತ್ತು ಮಂದಿಯನ್ನೂ ತಿದ್ದುವುದೇ ಗುರುವಿನ ನಿಜವಾದ ಕಾಯಕ.