ಆರ್ಬಿಟ್ರೇಷನ್ ನಡುವೆಯೂ ರಾಜಿಗೆ ಬಾಗಿಲು ತೆರೆದಿರಲಿ

ಭೀಮಸಮುದ್ರದ ಅಡಿಕೆ ಮಂಡಿಯಿರಲಿ, ಹೊಸದುರ್ಗದ ತೆಂಗಿನ ವ್ಯಾಪಾರವಿರಲಿ, ಹಿರಿಯೂರಿನ ಲಾರಿ ಬಾಡಿಗೆಯಿರಲಿ, ಭದ್ರಾ ಮೇಲ್ದಂಡೆ ಕಾಲುವೆಯ ತುಂಡುಗುತ್ತಿಗೆಯಿರಲಿ, ಬಾಕಿಯ ತಕರಾರು ತಪ್ಪಿದ್ದಲ್ಲ. ಆರ್ಬಿಟ್ರೇಷನ್ (ಕೋರ್ಟಿನ ಹೊರಗೆ ಆರ್ಬಿಟ್ರೇಟರ್ ವಿಚಾರಣೆ ಮಾಡಿ ತೀರ್ಪು ಕೊಡುವುದು) ಶುರುವಾದರೆ ರಾಜಿಯ ಮಾತು ಮುಗಿಯಿತೆಂದು ಬಹಳ ಮಂದಿ ತಿಳಿದಿದ್ದಾರೆ. ಹಾಗೇನಿಲ್ಲ. ಹೊಸದಾಗಿ ವ್ಯವಹಾರಕ್ಕಿಳಿದ ಮಕ್ಕಳಿಗೆ ಇಷ್ಟು ಹೇಳುತ್ತೇನೆ:

• ಕರಾರು ಬರೆಯುವಾಗಲೇ ತಕರಾರು ಬಗೆಹರಿಸುವ ದಾರಿಯನ್ನೂ ಬರೆಯಿರಿ. ಮೊದಲು ಮಧ್ಯಸ್ಥಿಕೆ, ಇಂತಿಷ್ಟು ದಿನದಲ್ಲಿ ಬಗೆಹರಿಯದಿದ್ದರೆ ಆರ್ಬಿಟ್ರೇಷನ್. ಗಡುವು ಹಾಕದಿದ್ದರೆ ಹಣ ಕೊಡಬೇಕಾದವರು ಮಾತುಕತೆಯಲ್ಲೇ ದಿನ ತಳ್ಳುತ್ತಾರೆ.

• ಆರ್ಬಿಟ್ರೇಷನ್ ಯಾವ ಊರಲ್ಲಿ ಎಂಬ ಸಾಲು ಓದದೆ ಸಹಿ ಹಾಕಬೇಡಿ. ಹೊಳಲ್ಕೆರೆಯಿಂದ ಮುಂಬೈಗೆ ಓಡಾಡಿದರೆ ಸಣ್ಣ ಬಾಕಿ ಖರ್ಚಿನಲ್ಲೇ ಮುಗಿಯುತ್ತದೆ.

• ವಿಚಾರಣೆ ಅರ್ಧಕ್ಕೆ ಬಂದಿದ್ದರೂ ರಾಜಿ ಕೇಳಲು ಸಂಕೋಚ ಬೇಡ. 1996ರ ಆರ್ಬಿಟ್ರೇಷನ್ ಕಾಯ್ದೆಯ 30ನೇ ಕಲಮು ಅದಕ್ಕೆಂದೇ ಇದೆ. ಇಬ್ಬರೂ ಒಪ್ಪಿದರೆ ಆರ್ಬಿಟ್ರೇಟರ್ ಮಧ್ಯಸ್ಥಿಕೆಗೆ ಅವಕಾಶ ಕೊಡಬಹುದು.

• ರಾಜಿ ಮಾಡಿಸುವವರು ಬೇರೆ, ತೀರ್ಪು ಕೊಡುವವರು ಬೇರೆ ಇದ್ದರೆ ಒಳ್ಳೆಯದು. ಎಷ್ಟಕ್ಕೆ ಇಳಿಯಬಲ್ಲಿರಿ ಎಂಬ ಗುಟ್ಟು ತೀರ್ಪು ಬರೆಯುವವರಿಗೆ ತಿಳಿಯಬಾರದು.

• ರಾಜಿಯಾದರೆ ಬರಿಯ ಕೈಬರಹದ ಪತ್ರಕ್ಕೆ ನಿಲ್ಲಬೇಡಿ. ಕಂತು, ತಾರೀಖು, ತಪ್ಪಿದರೆ ಬಡ್ಡಿ, ಎಲ್ಲ ಸೇರಿಸಿ ಆರ್ಬಿಟ್ರೇಟರ್ ಕೈಯಲ್ಲಿ ಅವಾರ್ಡ್ (ತೀರ್ಪು) ಮಾಡಿಸಿ. ಹಣ ಬರದಿದ್ದರೆ ಅದನ್ನು ಕೋರ್ಟಿನ ಡಿಕ್ರಿಯಂತೆಯೇ ಜಾರಿ ಮಾಡಿಸಬಹುದು.

• ತಯಾರಿಕೆ ಅಥವಾ ಸೇವೆಯ ಸಣ್ಣ ಘಟಕ ನಿಮ್ಮದಾದರೆ, ಕರಾರಿಗೆ ಮುಂಚೆಯೇ ಉದ್ಯಮ್ ನೋಂದಣಿ ಮಾಡಿಸಿ. 2006ರ ಎಂಎಸ್‌ಎಂಇ ಕಾಯ್ದೆಯಂತೆ ಕೊಂಡವರು 45 ದಿನ ಮೀರಿ ಹಣ ತಡೆಹಿಡಿಯುವಂತಿಲ್ಲ. ತಡೆದರೆ ಬ್ಯಾಂಕ್ ದರದ ಮೂರು ಪಟ್ಟು ಚಕ್ರಬಡ್ಡಿ. ದೂರು ಕೊಟ್ಟರೆ ಅದೇ ಕಾಯ್ದೆಯಡಿಯ ಫೆಸಿಲಿಟೇಷನ್ ಕೌನ್ಸಿಲ್ ಮೊದಲು ರಾಜಿಗೆ ಯತ್ನಿಸಿ, ಆಗದಿದ್ದರೆ ಆರ್ಬಿಟ್ರೇಷನ್‌ಗೆ ಒಯ್ಯುತ್ತದೆ. ಆದರೆ ಇಲ್ಲಿ ರಾಜಿಗೆ ಯತ್ನಿಸಿದ ಕೌನ್ಸಿಲ್ಲೇ ತೀರ್ಪನ್ನೂ ಕೊಡಬಹುದೆಂದು ಸುಪ್ರೀಂ ಕೋರ್ಟ್ 2022ರಲ್ಲಿ ಹೇಳಿದೆ. ಅವಾರ್ಡ್ ಪ್ರಶ್ನಿಸಲು ಕೊಂಡವರು ಶೇ. 75ರಷ್ಟು ಹಣ ಠೇವಣಿ ಇಡಬೇಕು. ಬರಿಯ ಕೊಂಡು ಮಾರುವ ವ್ಯಾಪಾರಕ್ಕೆ ಮಾತ್ರ ಈ ಅನುಕೂಲವಿಲ್ಲ.

• ಆರ್ಬಿಟ್ರೇಷನ್ ಕರಾರಿಲ್ಲದೆ 3 ಲಕ್ಷ ರೂಪಾಯಿಗೆ ಕಡಿಮೆಯಿಲ್ಲದ ವಾಣಿಜ್ಯ ದಾವೆ ಹೂಡುವುದಾದರೆ, ತುರ್ತು ಆದೇಶ ಬೇಕಿಲ್ಲದ ಪಕ್ಷದಲ್ಲಿ ಮೊದಲು ಮಧ್ಯಸ್ಥಿಕೆಗೆ ಹೋಗುವುದು ಕಡ್ಡಾಯ.

• "ಇವತ್ತು ಕೊಡ್ತೀನಿ, ನಾಳೆ ಕೊಡ್ತೀನಿ" ಎಂಬ ಮಾತಿಗೆ ಕಾಯಬೇಡಿ. ಬಾಕಿ ವಸೂಲಿಗೆ ಸಾಮಾನ್ಯವಾಗಿ ಮೂರು ವರ್ಷದ ವಾಯಿದೆ. ಅದರೊಳಗೆ ಬಾಕಿ ಒಪ್ಪಿದ ಪತ್ರಕ್ಕೆ ಸಹಿ ಪಡೆಯಿರಿ. ಬಿಲ್ಲು, ತೂಕದ ಚೀಟಿ, ಲಾರಿ ರಸೀದಿ ಜೋಪಾನವಾಗಿಡಿ.

ತಕರಾರು ಮುಗಿದ ಮೇಲೂ ಅದೇ ಮಂಡಿಯಲ್ಲಿ ಅದೇ ಜನರ ಜೊತೆ ಬಾಳಬೇಕಾದವರು ನಾವು. ನಿಮ್ಮ ಕರಾರುಪತ್ರವನ್ನು ಇವತ್ತೇ ತೆಗೆದು ನೋಡಿ. ಮಧ್ಯಸ್ಥಿಕೆಯ ಸಾಲು ಇಲ್ಲದಿದ್ದರೆ ವಕೀಲರನ್ನು ಕೇಳಿ ಸೇರಿಸಿ.