ಹಪ್ತೆ ತಪ್ಪಿದ ವರ್ಷ: ನೋಟಿಸಿನಿಂದ ಲಿಲಾವಿನವರೆಗೆ

ದೊಡವಾಡ, ಬೈಲಹೊಂಗಲ, ಕಿತ್ತೂರು ಕಡೆಯ ಮನೆಗಳಿಗೆ ಹಣ ಬರುವುದು ಸುಗ್ಗಿಗೆ, ಬ್ಯಾಂಕಿಗೆ ಹೋಗಬೇಕಾದದ್ದು ತಿಂಗಳಿಗೊಮ್ಮೆ. ಕಾಳಿನ ದರ ಬಿದ್ದ ವರ್ಷ, ಕಬ್ಬಿನ ಬಿಲ್ಲು ತಡವಾದ ವರ್ಷ ಮೊದಲು ತಪ್ಪುವುದು ಮನೆ ಸಾಲದ ಹಪ್ತೆ. 2019ರ ಆಗಸ್ಟಿನಲ್ಲಿ ಮಲಪ್ರಭೆ ಉಕ್ಕಿ ರಾಮದುರ್ಗ, ಸವದತ್ತಿ ತಾಲೂಕುಗಳ ಹೊಳೆದಂಡೆಯ ಊರುಗಳಿಗೆ ನೀರು ನುಗ್ಗಿತು. ಅದರಿಂದ ಚೇತರಿಸಿಕೊಳ್ಳುವಷ್ಟರಲ್ಲಿ 2020ರ ಮಾರ್ಚಿನ ಲಾಕ್‌ಡೌನ್ ಬಂತು. ಆಗ ರಿಸರ್ವ್ ಬ್ಯಾಂಕು ಮಾರ್ಚ್ 1ರಿಂದ ಆಗಸ್ಟ್ 31ರವರೆಗೆ ಕಂತು ಮುಂದೂಡಲು ಅವಕಾಶ ಕೊಟ್ಟಿತು. ಆ ಆರು ತಿಂಗಳ ಬಡ್ಡಿಯ ಮೇಲೆ ಮತ್ತೆ ಬಡ್ಡಿ ಹಾಕಕೂಡದೆಂದು ಸುಪ್ರೀಂ ಕೋರ್ಟು 2021ರ ಮಾರ್ಚ್ 23ರಂದು ಹೇಳಿತು. ಆದರೆ ಅಂಥ ವಿನಾಯಿತಿ ಪ್ರತಿ ಮುಗ್ಗಟ್ಟಿನಲ್ಲೂ ಸಿಗುವುದಿಲ್ಲ. ಉಳಿದ ವರ್ಷಗಳಲ್ಲಿ ಸಾಲಗಾರನ ಕೈಯಲ್ಲಿರುವುದು ಕಾನೂನು ಕೊಟ್ಟ ಗಡುವಿನ ದಿನಗಳು ಮಾತ್ರ. ಎಷ್ಟೋ ಕುಟುಂಬಗಳು ಆ ದಿನಗಳನ್ನು ಹೆದರಿಕೆಯಲ್ಲೇ ಕಳೆದುಬಿಡುತ್ತವೆ. ನನಗೆ ಸಂಕಟವಾಗುವುದು ಅದಕ್ಕೇ.

ಕಂತು ಬಾಕಿಯಾಗಿ 90 ದಿನ ದಾಟಿದರೆ ಬ್ಯಾಂಕು ಆ ಖಾತೆಯನ್ನು ಅನುತ್ಪಾದಕ ಆಸ್ತಿ, ಅಂದರೆ ಎನ್‌ಪಿಎ ಎಂದು ಗುರುತಿಸುತ್ತದೆ. ಆಮೇಲೆ ಬರುವುದು 2002ರ ಸರ್ಫೇಸಿ ಕಾಯ್ದೆಯ ಕಲಂ 13(2)ರ ನೋಟಿಸು. ಮನೆ ಅಡವಿಟ್ಟ ಸಾಲ ವಸೂಲಿಗೆ ಬ್ಯಾಂಕು ಕೋರ್ಟಿಗೆ ಹೋಗಬೇಕಿಲ್ಲ ಎನ್ನುವುದೇ ಈ ಕಾಯ್ದೆಯ ಶಕ್ತಿ. ಅಂಚೆಯಲ್ಲಿ ಬರುವ ಆ ಲಕೋಟೆಯನ್ನು ವಾಪಸು ಕಳಿಸಬೇಡಿ. ಸಹಿ ಮಾಡದಿದ್ದರೆ ನೋಟಿಸು ತಟ್ಟುವುದಿಲ್ಲ ಎಂಬ ನಂಬಿಕೆ ನಮ್ಮ ಕಡೆ ಇದೆ, ಅದು ತಪ್ಪು. ತೆಗೆದುಕೊಂಡು, ಕೈಸೇರಿದ ತಾರೀಖನ್ನು ಲಕೋಟೆಯ ಮೇಲೇ ಬರೆದಿಡಿ. ಒಳಗೆ ಬಾಕಿಯ ಮೊತ್ತ, ಖಾತೆ ಎನ್‌ಪಿಎ ಆದ ದಿನ, ಕೊನೆಯಲ್ಲಿ ಆಸ್ತಿಯ ವಿವರ ಇರುತ್ತದೆ. ವಿಪಿಸಿ ನಂಬರು, ಅಂದರೆ ಪಂಚಾಯಿತಿಯ ಮನೆ ನಂಬರು, ನಿಮ್ಮ ಉತಾರದಲ್ಲಿ ಇರುವುದೇ ಹೌದೋ, ಚತುಃಸೀಮೆ ಸರಿಯಿದೆಯೋ, ಅಡವು ಇಡದ ಹಿತ್ತಲ ಜಾಗವನ್ನೂ ಸೇರಿಸಿದ್ದಾರೋ ನೋಡಿ. ನೀವು ಕಟ್ಟಿದ ಹಣ ಜಮೆಯಾಗಿದೆಯೋ ಎಂದು ಪಾಸ್‌ಬುಕ್ ಇಟ್ಟುಕೊಂಡು ತಾಳೆ ಹಾಕಿ.

ಈ ನೋಟಿಸು 60 ದಿನಗಳ ಕಾಲಾವಕಾಶ ಕೊಡುತ್ತದೆ. ಅಷ್ಟರೊಳಗೆ ಬರಹದಲ್ಲಿ ಆಕ್ಷೇಪಣೆ ಸಲ್ಲಿಸುವ ಹಕ್ಕು ನಿಮಗಿದೆ. ಕಲಂ 13(3ಎ) ಪ್ರಕಾರ ಬ್ಯಾಂಕು ಅದನ್ನು ಪರಿಶೀಲಿಸಿ, ಒಪ್ಪದಿದ್ದರೆ ಕಾರಣ ಕೊಟ್ಟು 15 ದಿನದೊಳಗೆ ಉತ್ತರಿಸಲೇಬೇಕು. ಮ್ಯಾನೇಜರರ ಎದುರು ಕೈಮುಗಿದು ನಿಂತರೆ ಅದು ಎಲ್ಲೂ ದಾಖಲಾಗುವುದಿಲ್ಲ. ಒಂದು ಹಾಳೆಯಲ್ಲಿ ಬರೆದು ಕೊಟ್ಟು, ಪ್ರತಿಯ ಮೇಲೆ ಮುದ್ರೆ ಹಾಕಿಸಿಕೊಂಡರೆ ಮುಂದೆ ನ್ಯಾಯಮಂಡಳಿಯಲ್ಲಿ ಅದೇ ನಿಮ್ಮ ಸಾಕ್ಷಿ. ಲೆಕ್ಕದ ತಪ್ಪಿದ್ದರೆ ಅದನ್ನೂ, ಸಾಲದ ಮರುಹೊಂದಾಣಿಕೆ ಬೇಕಿದ್ದರೆ ಅದನ್ನೂ ಬರೆಯಿರಿ. ಕಬ್ಬಿನ ಹಣ ಬಾಕಿಯಿದ್ದರೆ ಕಾರ್ಖಾನೆಯ ತೂಕದ ಚೀಟಿಗಳ ಪ್ರತಿ ಲಗತ್ತಿಸಿ. 1966ರ ಕಬ್ಬು ನಿಯಂತ್ರಣ ಆದೇಶದ ಪ್ರಕಾರ ಕಾರ್ಖಾನೆ 14 ದಿನದಲ್ಲಿ ಹಣ ಕೊಡಬೇಕು, ತಡವಾದರೆ ವರ್ಷಕ್ಕೆ ಶೇ 15ರ ಬಡ್ಡಿ ಸೇರಿಸಬೇಕು. ನಿಮಗೆ ಬರಬೇಕಾದದ್ದು ಇಷ್ಟು ಎಂಬುದು ಬ್ಯಾಂಕಿನ ಕಡತದಲ್ಲಿ ಇರಲಿ.

ಮುಗ್ಗಟ್ಟಿನ ಕಾಲಕ್ಕೆ ಬಹಳ ಮುಖ್ಯವಾದ ಒಂದು ಮಾತಿದೆ. ನೋಟಿಸು ಬಂದ ಮೇಲೆ ಬ್ಯಾಂಕಿನ ಲಿಖಿತ ಒಪ್ಪಿಗೆಯಿಲ್ಲದೆ ಆ ಮನೆಯನ್ನು ಮಾರುವಂತಿಲ್ಲ, ಲೀಸಿಗೆ ಕೊಡುವಂತಿಲ್ಲ. ಒಪ್ಪಿಗೆ ಪಡೆದು ಮಾರಲು ಅಡ್ಡಿಯಿಲ್ಲ. ಲಿಲಾವಿನಲ್ಲಿ ಬರುವುದಕ್ಕಿಂತ ಊರಿನ ಗಿರಾಕಿಗೆ ನೀವೇ ಮಾರಿದರೆ ಬರುವ ದರ ಬಹುಮಟ್ಟಿಗೆ ಹೆಚ್ಚು. ಆದರೆ ಅದಕ್ಕೂ ಗಡುವಿದೆ. 2016ರ ತಿದ್ದುಪಡಿಗೆ ಮೊದಲು ಮಾರಾಟಕ್ಕೆ ಗೊತ್ತುಮಾಡಿದ ದಿನದ ಮುಂಚೆ ಯಾವಾಗ ಬಾಕಿ ಕಟ್ಟಿದರೂ ಆಸ್ತಿ ಬಿಡಿಸಿಕೊಳ್ಳಬಹುದಿತ್ತು. ಈಗ ಲಿಲಾವಿನ ಪ್ರಕಟಣೆ ಹೊರಬೀಳುವ ಮೊದಲೇ ಪೂರ್ತಿ ಬಾಕಿ, ಖರ್ಚು ಸಹಿತ ಕಟ್ಟಬೇಕು. ಸುಪ್ರೀಂ ಕೋರ್ಟು 2023ರ ಸೆಪ್ಟೆಂಬರಿನಲ್ಲಿ ಬಫ್ನಾ ಮೋಟರ್ಸ್ ಪ್ರಕರಣದಲ್ಲಿ ಇದನ್ನೇ ಬಿಗಿಯಾಗಿ ಹೇಳಿದೆ. ಪೇಪರಿನಲ್ಲಿ ಜಾಹೀರಾತು ಬಂದ ಮೇಲೆ ಹಣ ಹೊಂದಿಸಲು ಓಡಾಡುವವರನ್ನು ಕಂಡರೆ, ಇದೇ ಓಡಾಟ ಒಂದು ತಿಂಗಳು ಮುಂಚೆ ಆಗಬೇಕಿತ್ತಲ್ಲ ಎನಿಸುತ್ತದೆ.

60 ದಿನ ಮುಗಿದ ಮೇಲೆ ಬ್ಯಾಂಕು ಸ್ವಾಧೀನದ ನೋಟಿಸು ಮನೆಗೆ ಅಂಟಿಸುತ್ತದೆ. ಬೀಗ ಹಾಕಲು ಜಿಲ್ಲಾಧಿಕಾರಿಯ ಇಲ್ಲವೇ ಮುಖ್ಯ ನ್ಯಾಯಿಕ ಮ್ಯಾಜಿಸ್ಟ್ರೇಟರ ನೆರವು ಕೇಳಬಹುದು. ಇದನ್ನು ಪ್ರಶ್ನಿಸಲು ನಿಮಗಿರುವುದು 45 ದಿನ, ಹೋಗಬೇಕಾದದ್ದು ಸಾಲ ವಸೂಲಾತಿ ನ್ಯಾಯಮಂಡಳಿಗೆ, ಅಂದರೆ ಡಿಆರ್‌ಟಿಗೆ. ನಮ್ಮ ರಾಜ್ಯಕ್ಕೆ ಅದಿರುವುದು ಬೆಂಗಳೂರಿನಲ್ಲಿ. ಅಷ್ಟು ದೂರ ಯಾಕೆಂದು ಬೈಲಹೊಂಗಲ, ಸವದತ್ತಿಯ ಸಿವಿಲ್ ಕೋರ್ಟಿನಲ್ಲಿ ದಾವೆ ಹೂಡಿ ಸ್ಟೇ ತರಲು ನೋಡುವವರಿದ್ದಾರೆ. ಡಿಆರ್‌ಟಿ ನೋಡಬೇಕಾದ ವಿಷಯಕ್ಕೆ ಸಿವಿಲ್ ಕೋರ್ಟು ಕೈಹಾಕಬಾರದೆಂದು ಕಲಂ 34 ಹೇಳುತ್ತದೆ. ದಾವೆ ವಜಾ ಆಗುವ ಹೊತ್ತಿಗೆ 45 ದಿನ ಮುಗಿದಿರುತ್ತವೆ. ಡಿಆರ್‌ಟಿಯಲ್ಲೂ ಸೋತರೆ ಮೇಲ್ಮನವಿ ಚೆನ್ನೈಗೆ. ಅಲ್ಲಿ ಬಾಕಿಯ ಅರ್ಧದಷ್ಟು ಮೊದಲೇ ಠೇವಣಿ ಇಡಬೇಕು. ಮಂಡಳಿ ಮನಸ್ಸು ಮಾಡಿದರೂ ಕಾಲುಭಾಗಕ್ಕಿಂತ ಕಡಿಮೆ ಮಾಡುವಂತಿಲ್ಲ. ಹಾಗಾಗಿ ಮೊದಲ ಅರ್ಜಿಯಲ್ಲೇ ಶಕ್ತಿ ಹಾಕಬೇಕು.

ಹೊಲದ ಮಾತು ಬೇರೆ. ಕೃಷಿ ಜಮೀನಿನ ಮೇಲಿನ ಅಡವಿಗೆ ಸರ್ಫೇಸಿ ಕಾಯ್ದೆ ಅನ್ವಯಿಸುವುದಿಲ್ಲ ಎಂದು ಕಲಂ 31 ಸ್ಪಷ್ಟವಾಗಿ ಹೇಳಿದೆ. ಎರೆಹೊಲ ಅಡವಿಟ್ಟು ಸಾಲ ತಂದಿದ್ದರೆ ಬ್ಯಾಂಕು ಈ ಕಾಯ್ದೆಯಲ್ಲಿ ಅದನ್ನು ಲಿಲಾವು ಹಾಕುವಂತಿಲ್ಲ, ವಸೂಲಿಗೆ ಬೇರೆ ಕಾನೂನಿನ ದಾರಿ ಹಿಡಿಯಬೇಕು. ಸಾಲ ಮನ್ನಾ ಆಯಿತೆಂದು ಇದರ ಅರ್ಥವಲ್ಲ. ಜಗಳ ಹುಟ್ಟುವುದು ಕೃಷಿಯೇತರ ಬಳಕೆಗೆ ಬದಲಿಸಿದ, ಅಂದರೆ ಎನ್‌ಎ ಮಾಡಿಸಿದ ಜಮೀನಿನಲ್ಲಿ, ಇಲ್ಲವೇ ಕಾಗದದಲ್ಲಿ ಹೊಲವಾಗಿದ್ದು ಮೇಲೆ ಶೆಡ್ಡು ಎದ್ದ ಕಡೆ. ಜಮೀನು ನಿಜವಾಗಿ ಯಾವ ಬಳಕೆಯಲ್ಲಿದೆ, ಯಾವ ಉದ್ದೇಶಕ್ಕೆ ಅಡವಿಟ್ಟಿದ್ದು ಎಂಬುದನ್ನೆಲ್ಲ ನೋಡಿಯೇ ತೀರ್ಮಾನಿಸಬೇಕೆಂದು 2018ರ ಪಪ್ಪಿರೆಡ್ಡಿಯಾರ್ ಪ್ರಕರಣದಲ್ಲಿ ಸುಪ್ರೀಂ ಕೋರ್ಟು ಹೇಳಿದೆ, ಕಂದಾಯ ದಾಖಲೆಯೊಂದೇ ಸಾಲದು. ನೀವು ಅಲ್ಲಿ ಬಿಳಿಜೋಳ, ಕಡಲೆ ಬೆಳೆಯುತ್ತಿದ್ದರೆ ಉತಾರದ ಬೆಳೆ ಕಾಲಮ್ಮಿನಲ್ಲಿ ಅದು ಬರುವಂತೆ ನೋಡಿಕೊಳ್ಳಿ, ಬಿತ್ತನೆ ಬೀಜದ ರಸೀದಿ ಎಸೆಯಬೇಡಿ.

ಸಹಕಾರಿ ಬ್ಯಾಂಕಿಗೂ ಈ ಕಾಯ್ದೆಯ ಅಧಿಕಾರ ಉಂಟು. 2020ರ ಮೇ 5ರಂದು ಸುಪ್ರೀಂ ಕೋರ್ಟಿನ ಸಂವಿಧಾನ ಪೀಠ ನಮ್ಮ ನೆರೆಯ ಕೊಲ್ಹಾಪುರ ಜಿಲ್ಲೆಯ ಮುರಗೂಡ ಸಹಕಾರಿ ಬ್ಯಾಂಕಿನ ಪ್ರಕರಣದಲ್ಲೇ ಅದನ್ನು ತೀರ್ಮಾನಿಸಿತು. ಆದರೆ ಊರೂರಲ್ಲಿರುವ ಪತ್ತಿನ ಸೊಸೈಟಿಗಳು ಬ್ಯಾಂಕಲ್ಲ. ಅವು ಸಹಕಾರ ಸಂಘಗಳ ಕಾಯ್ದೆಯ ಕಲಂ 70ರಡಿ ಸಹಕಾರ ಇಲಾಖೆಯ ಮುಂದೆ ದಾವೆ ಹಾಕಬೇಕು. ಈ ವ್ಯತ್ಯಾಸ ಹಣ ಇಡುವವರಿಗೂ ಅಷ್ಟೇ ಮುಖ್ಯ. ಬ್ಯಾಂಕಿನ ಠೇವಣಿಗೆ ತಲಾ 5 ಲಕ್ಷ ರೂಪಾಯಿವರೆಗೆ ವಿಮೆಯಿದೆ, ಸೊಸೈಟಿಯ ಠೇವಣಿಗೆ ಇಲ್ಲ. 2020ರ ಜನವರಿಯಲ್ಲಿ ಬೆಂಗಳೂರಿನ ಗುರು ರಾಘವೇಂದ್ರ ಸಹಕಾರ ಬ್ಯಾಂಕಿನ ಮೇಲೆ ರಿಸರ್ವ್ ಬ್ಯಾಂಕು ನಿರ್ಬಂಧ ಹೇರಿದಾಗ ಒಬ್ಬರು 35,000 ರೂಪಾಯಿಗಿಂತ ಹೆಚ್ಚು ತೆಗೆಯುವಂತಿರಲಿಲ್ಲ. ಮುಂದೆ ವಿಮೆ ಅನೇಕರ ಕೈಹಿಡಿಯಿತು. ಅದೇ ಹೊಡೆತ ಸೊಸೈಟಿಯೊಂದಕ್ಕೆ ಬಿದ್ದರೆ ಕೈಹಿಡಿಯಲು ಆ ವಿಮೆ ಇರುವುದಿಲ್ಲ. ಹೆಚ್ಚು ಬಡ್ಡಿಯ ಆಸೆ ತೋರಿಸಿ ಠೇವಣಿ ಸಂಗ್ರಹಿಸಿ ಪ್ಲಾಟಿನ ವ್ಯವಹಾರಕ್ಕೆ ಸುರಿಯುವವರ ಬಳಿ ಮಗಳ ಮದುವೆಯ ಹಣ ಇಡಬೇಡಿ ಎಂದು ಕೈಮುಗಿದು ಕೇಳುತ್ತೇನೆ.

ಲಿಲಾವಿಗೂ ಕಟ್ಟುಪಾಡುಗಳಿವೆ. ಬ್ಯಾಂಕು ಮಾನ್ಯತೆ ಪಡೆದ ಮೌಲ್ಯಮಾಪಕರಿಂದ ಬೆಲೆ ಕಟ್ಟಿಸಿ ಕನಿಷ್ಠ ದರ ಗೊತ್ತುಮಾಡಬೇಕು, ನಿಮಗೆ 30 ದಿನದ ನೋಟಿಸು ಕೊಡಬೇಕು. ಮಾರುಕಟ್ಟೆ ಬಿದ್ದಾಗ ಬೆಲೆಯನ್ನು ಬಹಳ ಕೆಳಗೆ ಹಿಡಿದಿದ್ದರೆ ನೋಂದಣಿ ಇಲಾಖೆಯ ಮಾರ್ಗಸೂಚಿ ದರ, ಅಕ್ಕಪಕ್ಕದ ಈಚಿನ ಖರೀದಿಪತ್ರ ಇಟ್ಟು ಕೂಡಲೇ ತಕರಾರು ಕೊಡಿ. ಸಾಲ, ಖರ್ಚು ಕಳೆದು ಉಳಿದ ಹಣ ನಿಮ್ಮದು, ಕೇಳಿ ಪಡೆಯಿರಿ. ಅಗ್ಗಕ್ಕೆ ಸಿಗುತ್ತದೆಂದು ಲಿಲಾವಿನಲ್ಲಿ ಕೊಳ್ಳುವವರು ತಿಳಿಯಬೇಕಾದದ್ದೂ ಇದೆ. ಕೂಗು ನಿಮ್ಮದಾದ ದಿನ ಇಲ್ಲವೇ ಮಾರನೆಯ ಕೆಲಸದ ದಿನ ಕಾಲುಭಾಗ, ಉಳಿದದ್ದು ಸಾಮಾನ್ಯವಾಗಿ 15 ದಿನದಲ್ಲಿ ಕಟ್ಟಬೇಕು. ತಪ್ಪಿದರೆ ಕಟ್ಟಿದ್ದೂ ಹೋಗುತ್ತದೆ. ಒಳಗೆ ಜನ ವಾಸವಿದ್ದಾರೋ, ಡಿಆರ್‌ಟಿಯಲ್ಲಿ ಅರ್ಜಿಯಿದೆಯೋ ಎಂದು ಮೊದಲೇ ವಿಚಾರಿಸಿ.

ಲಿಲಾವಿನ ಹೊರಗೆ ಪ್ಲಾಟು ಕೊಳ್ಳುವವರೂ ಸಂಚಕಾರ ಕೊಡುವ ಮುಂಚೆ ಋಣಭಾರ ಪತ್ರ (ಇಸಿ) ತೆಗೆಸಿ, ಉತಾರದಲ್ಲಿ ಬೋಜಾ, ಅಂದರೆ ಸಾಲದ ಹೊರೆ, ಇದೆಯೋ ನೋಡಿ. ಗ್ರಾಮ ಪಂಚಾಯಿತಿ ಜಾಗವಾದರೆ ಇ-ಸ್ವತ್ತಿನ ನಮೂನೆ 9 ಮತ್ತು 11-ಎ ಕೇಳಿ. 500 ಚದರ ಮೀಟರಿಗಿಂತ ದೊಡ್ಡ ಬಡಾವಣೆಗೆ ರಿಯಲ್ ಎಸ್ಟೇಟ್ ಕಾಯ್ದೆಯ (ರೇರಾ) ನೋಂದಣಿ ಬೇಕು. ಅಲ್ಲಿ ನೋಂದಾಯಿತ ಕರಾರು ಆಗುವ ಮುನ್ನ ಬೆಲೆಯ ಶೇ 10ಕ್ಕಿಂತ ಹೆಚ್ಚು ಮುಂಗಡ ಪಡೆಯುವಂತಿಲ್ಲ. ಸಾಲ ಮಂಜೂರಾಗದಿದ್ದರೆ ಸಂಚಕಾರ ವಾಪಸು ಎಂಬ ಒಂದು ಸಾಲನ್ನು ಪತ್ರದಲ್ಲೇ ಬರೆಸಿಕೊಳ್ಳಿ.

ನೋಟಿಸು ಬಂದವರು ವಕೀಲರ ಫೀಸಿಗೆ ಹೆದರಿ ಸುಮ್ಮನಿರಬೇಡಿ. 1987ರ ಕಾನೂನು ಸೇವಾ ಪ್ರಾಧಿಕಾರಗಳ ಕಾಯ್ದೆಯಲ್ಲಿ ಮಹಿಳೆಯರಿಗೆ, ಪರಿಶಿಷ್ಟ ಜಾತಿ, ಪಂಗಡದವರಿಗೆ, ಅಂಗವಿಕಲರಿಗೆ ಉಚಿತ ನೆರವುಂಟು. ನೆರೆ, ಬರದಲ್ಲಿ ನೊಂದವರೂ ಆ ಪಟ್ಟಿಯಲ್ಲಿದ್ದಾರೆ, ಮಲಪ್ರಭೆಯ ದಂಡೆಯವರು ಇದನ್ನು ನೆನಪಿಡಬೇಕು. ತಾಲೂಕು ಕೋರ್ಟಿನ ಕಾನೂನು ಸೇವಾ ಸಮಿತಿಯಲ್ಲಿ ಕೇಳಿ, ಇಲ್ಲವೇ 15100ಕ್ಕೆ ಕರೆ ಮಾಡಿ. ವಸೂಲಿಯವರು ಬೆಳಿಗ್ಗೆ 8ಕ್ಕೆ ಮುಂಚೆ, ಸಂಜೆ 7ರ ಮೇಲೆ ಫೋನು ಮಾಡಿ ಕಾಡಿದರೆ ಬ್ಯಾಂಕಿಗೆ ಬರೆದು ಕೊಡಿ. 30 ದಿನದಲ್ಲಿ ಪರಿಹಾರ ಸಿಗದಿದ್ದರೆ ರಿಸರ್ವ್ ಬ್ಯಾಂಕಿನ ಒಂಬುಡ್ಸ್‌ಮನ್‌ಗೆ ದೂರು ಕೊಡಬಹುದು, ಅದಕ್ಕೆ ಶುಲ್ಕವಿಲ್ಲ.

ಬ್ಯಾಂಕಿನ ಜೊತೆ ಒಂದೇ ಗಂಟಿನಲ್ಲಿ ಸಾಲ ಚುಕ್ತಾ ಮಾಡಿಕೊಳ್ಳುವ ಓಟಿಎಸ್ ಮಾತು ನಡೆದರೆ ಒಪ್ಪಿದ ಮೊತ್ತ, ತಾರೀಖು ಎರಡೂ ಪತ್ರದಲ್ಲಿರಲಿ. ಓಟಿಎಸ್ ಸಾಲಗಾರನ ಹಕ್ಕಲ್ಲ ಎಂದು ಸುಪ್ರೀಂ ಕೋರ್ಟು 2021ರಲ್ಲಿ ಹೇಳಿರುವುದರಿಂದ ಬಾಯಿಮಾತಿಗೆ ಬೆಲೆಯಿಲ್ಲ. ಕೊನೆಯ ರೂಪಾಯಿ ಕಟ್ಟಿದ ದಿನವೇ ಬೇಬಾಕಿ ಪತ್ರ ಕೇಳಿ. 2023ರ ಡಿಸೆಂಬರಿನಿಂದ ಜಾರಿಯಲ್ಲಿರುವ ರಿಸರ್ವ್ ಬ್ಯಾಂಕಿನ ಆದೇಶದಂತೆ ಮೂಲ ಕಾಗದಪತ್ರಗಳನ್ನು 30 ದಿನದೊಳಗೆ ಹಿಂತಿರುಗಿಸಬೇಕು, ಬ್ಯಾಂಕಿನ ತಪ್ಪಿನಿಂದ ತಡವಾದರೆ ದಿನಕ್ಕೆ 5,000 ರೂಪಾಯಿ ಪರಿಹಾರ ಕೊಡಬೇಕು. ಕಾಗದ ಕೈಗೆ ಬಂದ ವಾರದಲ್ಲೇ ಬೋಜಾ ಕಡಿಮೆ ಮಾಡಿಸಿ, ಹೊಸ ಉತಾರ ತೆಗೆಸಿ ನೋಡಿ.